ಕಾರಿನ ಬಣ್ಣವೂ ಕುಬಸದ ಬಳೆಯೂ

ನಲವತ್ತು ದಾಟಿದ ಗಂಡಸಿಗೆ ಏನಾದರೊಂದು ಚಿಂತೆ ಇರಲೇಬೇಕು. ಇಲ್ಲದಿದ್ದರೆ ಜನ ಅವನನ್ನು ಹೊಣೆಗೇಡಿ ಎನ್ನುತ್ತಾರೆ. ಕೆಲವರು ರಕ್ತದೊತ್ತಡವನ್ನು ಆರಿಸಿಕೊಳ್ಳುತ್ತಾರೆ, ಕೆಲವರು ಮೇಲಧಿಕಾರಿಯನ್ನು, ಇನ್ನು ಕೆಲವರು ಉದುರುತ್ತಿರುವ ಕೂದಲನ್ನು. ನನಗೆ ಈ ಮೂರೂ ಧಾರಾಳವಾಗಿಯೇ ಒದಗಿಬಂದಿದ್ದವು. ಆದರೆ ಅವುಗಳ ಕಡೆ ಗಮನ ಕೊಡಲು ಪುರುಸೊತ್ತಿರಲಿಲ್ಲ, ಏಕೆಂದರೆ ನಾನು ನನ್ನ ಕಾರಿನ ಬಣ್ಣದ ಚಿಂತೆಯಲ್ಲಿ ಮುಳುಗಿದ್ದೆ. ಕಾರಿನ ಚಿಂತೆ ಎಂದು ತಪ್ಪು ತಿಳಿಯಬೇಡಿ. ಇಂಜಿನ್ನು ಕೆಮ್ಮಿದರೆ, ಬ್ರೇಕು ಕಿರುಚಿದರೆ ನನಗೆ ಅಂಥ ಗಾಬರಿಯೇನೂ ಆಗುತ್ತಿರಲಿಲ್ಲ. ಅವೆಲ್ಲ ಒಳಗಿನ ವಿಷಯ, ನಾಲ್ಕು ಜನಕ್ಕೆ ಕಾಣುವುದಿಲ್ಲ. ಬಣ್ಣ ಹಾಗಲ್ಲ. ಅದು ಬೀದಿಯಲ್ಲಿ ನಿಂತು ನಮ್ಮ ಮರ್ಯಾದೆಯನ್ನು ಹಗಲೆಲ್ಲ ಓದಿ ಹೇಳುತ್ತಿರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪುಣೆಯಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಕಾರಿನ ಬಣ್ಣ ಎಷ್ಟು ವರ್ಷ ಬಾಳುತ್ತದೆ? ಆಫೀಸಿನ ಗೆಳೆಯರನ್ನು ಕೇಳಿದೆ, ಪೆಟ್ರೋಲ್ ಬಂಕಿನವನನ್ನು ಕೇಳಿದೆ, ಕ್ಷೌರಿಕನನ್ನು ಕೇಳಿದೆ. ಹಲ್ಲಿನ ಡಾಕ್ಟರನ್ನು ಅವರ ಎರಡು ಬೆರಳು ನನ್ನ ಬಾಯಲ್ಲಿರುವಾಗಲೇ ಕೇಳಿದೆ. ಎಲ್ಲರದೂ ಒಂದೇ ಉತ್ತರ. "ತೇ ತುಮಚ್ಯಾವರ ಆಹೇ." ಎಂದರೆ, ಅದು ನಿಮ್ಮ ಮೇಲಿದೆ. ಪುಣೆಯ ಜನರ ಪದ್ಧತಿಯೇ ಹೀಗೆ. ನೀವು ಪ್ರಶ್ನೆ ಕೇಳಿದರೆ ಅವರು ಅದನ್ನು ನಯವಾಗಿ ಮಡಿಚಿ, ಜವಾಬ್ದಾರಿ ಮಾಡಿ, ನಿಮ್ಮ ಕೈಗೇ ವಾಪಸು ಕೊಡುತ್ತಾರೆ. ಆ ಜವಾಬ್ದಾರಿಯನ್ನು ನಾನು ತೀರಾ ಮನಸ್ಸಿಗೆ ಹಚ್ಚಿಕೊಂಡೆ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ನಾವಿದ್ದದ್ದು ನಿಗಡಿಯಲ್ಲಿ. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ ಶಾರದೆ. ಬಾಗಲಕೋಟೆ ಕಡೆಯಿಂದ ಬಂದು ಹದಿನೈದು ವರ್ಷವಾಗಿತ್ತು. ನಾನು ಒಂದು ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ದೇಹೂ ರೋಡ್‌ನ ದಂಡಿನ ವಸತಿಯಲ್ಲಿ ಒಬ್ಬ ಮೇಜರ್ ಸಾಹೇಬರು ಅಸ್ಸಾಮಿಗೆ ವರ್ಗವಾಗಿ ಹೊರಟಿದ್ದಾರೆ, ತಮ್ಮ ಕಾರನ್ನು ಮಾರುತ್ತಾರಂತೆ ಎಂದು ಕೇಳಿ ನೋಡಲು ಹೋದೆ. ಕಾರಿಗೆ ಆಗಲೇ ವಯಸ್ಸಾಗಿತ್ತು. ಬಾಗಿಲು ಮುಚ್ಚುವಾಗ ನರಳುತ್ತಿತ್ತು, ಗೇರು ಬದಲಿಸುವಾಗ ಮುನಿಯುತ್ತಿತ್ತು. ಆದರೆ ಆ ಬಣ್ಣ! ಇಳಕಲ್ ಸೀರೆಯ ಒಡಲಿನಲ್ಲಿರುತ್ತದಲ್ಲ, ಅಂಥ ತುಂಬು ನೀಲಿ. ಅದರಲ್ಲಿ ನನ್ನ ಮುಖ ಕಂಡಿತು. ಮನೆಯ ಕನ್ನಡಿಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿ ಕಂಡಿತು. ಅಲ್ಲಿಗೆ ವ್ಯವಹಾರ ಮುಗಿಯಿತು.

ಮೇಜರ್ ಸಾಹೇಬರು ಕೀಲಿಕೈ ಕೊಡುವಾಗ ಮೂರು ಮಾತು ಹೇಳಿದರು. ನೆರಳಿನಲ್ಲಿ ನಿಲ್ಲಿಸಿ ತೊಳೆಯಿರಿ. ಧೂಳು ಕೂತಾಗ ಒಣಬಟ್ಟೆಯಿಂದ ಒರೆಸಬೇಡಿ, ಮೊದಲು ನೀರು ಹೊಯ್ಯಿರಿ. ಪಾಲಿಶ್ ವರ್ಷಕ್ಕೆ ಎರಡು ಸಲ, ಅಷ್ಟೇ ಸಾಕು. ಇಷ್ಟು ಸ್ಪಷ್ಟವಾದ ಮಾತನ್ನು ದಂಡಿನ ಯಾವ ಸಿಪಾಯಿಯಾದರೂ ಪಾಲಿಸುತ್ತಿದ್ದ. ನಾನು ಗುಮಾಸ್ತ. ಬುದ್ಧಿ ಓಡಿಸಿದೆ. ವರ್ಷಕ್ಕೆ ಎರಡು ಸಲ ಉಜ್ಜಿದ್ದಕ್ಕೇ ಇಷ್ಟು ಹೊಳೆಯುವುದಾದರೆ, ವಾರಕ್ಕೊಮ್ಮೆ ಉಜ್ಜಿದರೆ ಹೇಗಿರಬಹುದು ಎಂದುಕೊಂಡೆ.

ಇದರಲ್ಲಿ ನನ್ನ ತಪ್ಪು ಅರ್ಧ, ನಮ್ಮ ಮನೆತನದ ತಪ್ಪು ಅರ್ಧ. ಬಾಗಲಕೋಟೆಯ ನಮ್ಮ ಬಚ್ಚಲಮನೆಯಲ್ಲಿ ಒಂದು ತಾಮ್ರದ ಹಂಡೆ ಇತ್ತು. ಅವ್ವ ಅದನ್ನು ದಿನಾ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ಅವಳ ಅತ್ತೆಯೂ ತಿಕ್ಕಿದ್ದಳು, ಅತ್ತೆಯ ಅತ್ತೆಯೂ ತಿಕ್ಕಿದ್ದಳು. ಹಂಡೆ ಮಾತ್ರ ಪ್ರತಿ ಬೆಳಿಗ್ಗೆ ಆಗಷ್ಟೇ ಅಂಗಡಿಯಿಂದ ಬಂದಂತೆ ಇರುತ್ತಿತ್ತು. ನಮ್ಮ ಮನೆಯಲ್ಲಿ ವಸ್ತುವಿನ ಮೇಲೆ ಪ್ರೀತಿ ಇದೆ ಎಂಬುದಕ್ಕೆ ಇದ್ದ ಗುರುತು ಒಂದೇ, ಅದನ್ನು ತಿಕ್ಕುವುದು. ದೇವರ ಸಾಮಾನು, ಹಿತ್ತಾಳೆಯ ಕೊಡ, ಹಬ್ಬದ ಮುಂಜಾನೆ ನಮ್ಮ ಬೆನ್ನು, ಎಲ್ಲಕ್ಕೂ ಒಂದೇ ನ್ಯಾಯ. ಹಂಡೆ ಒಳಗೂ ಹೊರಗೂ ತಾಮ್ರವೇ, ಕಾರಿಗೆ ಇರುವುದು ಮೇಲೊಂದು ತೆಳ್ಳನೆಯ ತೊಗಲು ಎಂಬ ಸಣ್ಣ ವ್ಯತ್ಯಾಸ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೀಗಾಗಿ ನನ್ನ ಭಾನುವಾರಗಳೆಲ್ಲ ಕಾರಿಗೆ ಮೀಸಲಾದವು. ಬೆಳಿಗ್ಗೆ ಆರಕ್ಕೆ ಎರಡು ಬಕೆಟ್ ನೀರು, ಸಾಬೂನು, ನನ್ನ ಹಳೆಯ ಬನಿಯನ್ನು, ಪಾಲಿಶಿನ ಡಬ್ಬಿ. ಟಪ್ಪಿನಿಂದ, ಎಂದರೆ ಕಾರಿನ ಚಾವಣಿಯಿಂದ, ಶುರುಮಾಡಿ ಬಾನೆಟ್ಟಿಗೆ ಬರುವಷ್ಟರಲ್ಲಿ ಹತ್ತು ಹೊಡೆಯುತ್ತಿತ್ತು. ಉಜ್ಜಿದಂತೆಲ್ಲ ಬನಿಯನ್ನಿನ ತುಂಡು ನೀಲಿಯಾಗುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ಶಾರದೆಯನ್ನು ಹೊರಗೆ ಕರೆದು ತೋರಿಸಿದೆ.

"ನೋಡು, ಎಷ್ಟ್ ಹೊಲಸು ಬಂತು!"

ಅವಳು ಬಟ್ಟೆಯನ್ನು ತಿರುವಿ ಮುರುವಿ ನೋಡಿದಳು. "ಹೊಲಸು ಕರ್ರಗಿರ್ತದರೀ. ನೀಲಿ ಹೊಲಸು ನಾ ಎಲ್ಲೂ ನೋಡಿಲ್ಲ."

"ಇದು ಫ್ಯಾಕ್ಟರಿ ಊರು. ಇಲ್ಲೀ ಹೊಲಸು ಹಂಗಽ ಇರ್ತದ" ಎಂದು ಅವಳ ಬಾಯಿ ಮುಚ್ಚಿಸಿದೆ. ವಾದದಲ್ಲಿ ನಾನು ಹೆಂಡತಿಯನ್ನು ಗೆದ್ದ ಸಂದರ್ಭಗಳು ಕಡಿಮೆ. ಇದೊಂದು ಗೆಲುವನ್ನು ಬಹಳ ದಿನ ಚಪ್ಪರಿಸಿದೆ.

ಇಷ್ಟೆಲ್ಲ ಆರೈಕೆ ಮಾಡಿದ ಕಾರಿನಲ್ಲಿ ನಾವು ಎಲ್ಲೆಲ್ಲಿ ತಿರುಗಿದೆವು ಎಂದು ನೀವು ಕೇಳಬಹುದು. ಎಲ್ಲಿಗೂ ಇಲ್ಲ. ಬೇಸಿಗೆಯಲ್ಲಿ ಬಿಸಿಲು, ಬಣ್ಣ ಸುಟ್ಟೀತು. ಮಳೆಗಾಲದಲ್ಲಿ ಕೆಸರು. ಚಳಿಗಾಲದಲ್ಲಿ ಕಬ್ಬಿನ ಗಾಡಿಗಳು, ಒಂದೊಂದು ಗಳ ಒಂದೊಂದು ಗೀರು. ಹುಣಸೆಮರದ ಕೆಳಗೆ ನಿಲ್ಲಿಸಿದರೆ ಅಂಟು, ಆಲದಮರದ ಕೆಳಗೆ ನಿಲ್ಲಿಸಿದರೆ ಹಕ್ಕಿಗಳ ಉಪದ್ರವ. ಶಾರದೆಯ ತಂಗಿ ಗಿರಿಜೆಯನ್ನು ಸಾಸವಡದ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟಿತ್ತು. ನಿಗಡಿಯಿಂದ ಸಾಸವಡಕ್ಕೆ ಅಷ್ಟೇನೂ ದೂರವಿಲ್ಲ. ಆದರೂ ಅವಳನ್ನು ನೋಡಲು ನಾವು ಹೋದಾಗಲೆಲ್ಲ ಎಸ್.ಟಿ. ಬಸ್ಸಿನಲ್ಲೇ ಹೋದೆವು. ಕಾರಿಗೆ ಹೊದಿಕೆ ಹೊಚ್ಚಿ, ಹೊದಿಕೆಗೆ ದಾರ ಕಟ್ಟಿ, ಬೀಗ ಹಾಕಿದ ಮನೆಗಿಂತ ಹೆಚ್ಚು ಸಲ ಅದನ್ನು ತಿರುಗಿ ನೋಡುತ್ತ ನಾನು ಬಸ್ಸು ಹಿಡಿಯುತ್ತಿದ್ದೆ. ಶಾರದೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಎದುರಿಗೆ ಬರುವ ಕಾರುಗಳನ್ನು ನೋಡುತ್ತಿದ್ದಳು.

ಮೂರು ವರ್ಷ ತುಂಬುವಷ್ಟರಲ್ಲಿ ಟಪ್ಪಿನ ಅಂಚಿನಲ್ಲಿ ಬೂದುಬಣ್ಣದ ಒಂದು ಮಚ್ಚೆ ಕಂಡಿತು. ಉಜ್ಜಿದೆ. ಮಚ್ಚೆ ದೊಡ್ಡದಾಯಿತು. ಇನ್ನೂ ಉಜ್ಜಿದೆ. ಅದಕ್ಕೆ ಜೊತೆಗಾರರು ಹುಟ್ಟಿಕೊಂಡರು. ಕೊನೆಗೆ ಆಕುರ್ಡಿಯ ಒಂದು ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಬಬನ್‌ರಾವ್ ಎಂಬಾತನ ಹತ್ತಿರ ಒಯ್ದೆ. ಬಬನ್‌ರಾವ್ ಸಣಕಲ ದೇಹದ, ಕಡಿಮೆ ಮಾತಿನ ಮನುಷ್ಯ. ಅವನ ಹುಬ್ಬಿನಲ್ಲಿ ಕಳೆದ ಹತ್ತು ವರ್ಷ ಪುಣೆಯಲ್ಲಿ ಓಡಿದ ಎಲ್ಲ ಕಾರುಗಳ ಬಣ್ಣವೂ ಒಂದೊಂದು ಚುಕ್ಕೆ ಸಿಗುತ್ತಿತ್ತು. ಅವನು ಬೆರಳಿನಿಂದ ಮಚ್ಚೆಯನ್ನು ಸವರಿದ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ. ಎಷ್ಟು ದಿನಕ್ಕೊಮ್ಮೆ ಪಾಲಿಶ್ ಮಾಡುತ್ತೀರಿ ಎಂದು ಮರಾಠಿಯಲ್ಲಿ ಕೇಳಿದ. ನಾನು ಎದೆಯುಬ್ಬಿಸಿ, ಪ್ರತಿ ಭಾನುವಾರ, ಒಂದೂ ತಪ್ಪಿಸಿಲ್ಲ ಎಂದೆ. ಬಟ್ಟೆ ನೀಲಿ ಆಗುತ್ತಿತ್ತೇ ಎಂದ. ಬೇಕಾದಷ್ಟು ಎಂದೆ.

ಬಬನ್‌ರಾವ್ ಕೈಯ ಬಣ್ಣವನ್ನು ಚಿಂದಿಗೆ ಒರೆಸಿಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ, "ಸಾಹೇಬ, ಉನ್ಹಾಚಂ ಕಾಮ ತುಮ್ಹೀಚ ಕೇಲಂತ" ಎಂದ. ಬಿಸಿಲು ಮಾಡಬೇಕಾಗಿದ್ದ ಕೆಲಸವನ್ನು ನೀವೇ ಮಾಡಿಬಿಟ್ಟಿರಿ ಎಂದರ್ಥ. ಬಿಸಿಲಾದರೆ ಏಳೆಂಟು ವರ್ಷ ತಗೊಳ್ಳುತ್ತಿತ್ತಂತೆ, ನನ್ನಷ್ಟು ನಿಷ್ಠೆ ಅದಕ್ಕಿಲ್ಲವಂತೆ. ಪ್ರತಿ ಸಲ ಉಜ್ಜಿದಾಗ ಬಣ್ಣದ ಒಂದು ಪೊರೆ ಬಟ್ಟೆಗೆ ಬರುತ್ತದೆ, ಅದಕ್ಕೇ ವರ್ಷಕ್ಕೆ ಎರಡು ಸಲ ಸಾಕು ಎನ್ನುವುದು ಎಂದು ವಿವರಿಸಿದ. ಮೂರು ವರ್ಷದ ಭಾನುವಾರಗಳಲ್ಲಿ ಮೇಜರ್ ಸಾಹೇಬರ ನೀಲಿಯನ್ನೆಲ್ಲ ನಾನು ಬನಿಯನ್ನುಗಳ ಮೇಲೆ ವರ್ಗಾಯಿಸಿದ್ದೆ. ಮನೆಗೆ ಬಂದು ಈ ಸಂಗತಿಯನ್ನು ಶಾರದೆಗೆ ಹೇಳಲಿಲ್ಲ. ಬಿಸಿಲು ಭಾಳ ಅದ ಈ ಊರಾಗ ಎಂದಷ್ಟೇ ಹೇಳಿದೆ.

ಮಳೆ ಹಿಡಿಯುವ ಮೊದಲೇ ಬಬನ್‌ರಾವ್ ಕಾರಿಗೆ ಅದೇ ನೀಲಿಯನ್ನು ಹೊಸದಾಗಿ ಹೊಡೆದುಕೊಟ್ಟ. ಮೊದಲಿಗಿಂತ ಒಂದು ಕೈ ಮಿಗಿಲಾಗಿಯೇ ಬಂದಿತ್ತು. ಕೊಡುವಾಗ ಅವನು ಶಪಥ ಮಾಡಿಸುವವನ ಹಾಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: ಬಣ್ಣ ಮೇಲೆ ಒಣಗಿದೆ, ಒಳಗೆ ಇನ್ನೂ ಹಸಿ. ಒಂದು ತಿಂಗಳು ಪಾಲಿಶ್ ಇಲ್ಲ, ಸಾಬೂನಿಲ್ಲ, ಹೊದಿಕೆ ಇಲ್ಲ. ಕೈ ಕೂಡ ಹಚ್ಚಬೇಡಿ. ಬರೀ ತಣ್ಣೀರು. ಈ ಒಂದು ತಿಂಗಳು ಕಾಯ್ದರೆ ಬಣ್ಣ ನಿಮ್ಮನ್ನು ಹತ್ತು ವರ್ಷ ಕಾಯುತ್ತದೆ. ನಾನು ಆ ತಿಂಗಳನ್ನು ಬಾಗಲಕೋಟೆಯಿಂದ ಪ್ರತಿವರ್ಷ ತರಿಸುವ ಕನ್ನಡ ಪಂಚಾಂಗದಲ್ಲಿ ಗುರುತು ಹಾಕಿಕೊಂಡೆ. ಅಡಿಗೆಮನೆಯ ಗೋಡೆಯ ಮೇಲೆ ಮರಾಠಿ ಕ್ಯಾಲೆಂಡರ್ ಒಂದಿತ್ತು, ಆದರೆ ಅದು ಹಾಲಿನವನ ಹಾಜರಿಗಾಗಿ ಇದ್ದದ್ದು. ಇಂಥ ಗಂಭೀರ ವಿಷಯಕ್ಕೆ ನಾನು ನಮ್ಮೂರ ಪಂಚಾಂಗವನ್ನೇ ನಂಬುತ್ತಿದ್ದೆ.

ಎರಡನೆಯ ವಾರದಲ್ಲಿ ಸಾಸವಡದಿಂದ ಕಾಗದ ಬಂತು. ಗಿರಿಜೆಗೆ ಏಳು ತಿಂಗಳು. ಕುಬಸದ ಕಾರ್ಯ ಮಾಡಿ, ಬಾಣಂತನಕ್ಕೆ ಅಕ್ಕನ ಮನೆಗೆ ಕಳಿಸುತ್ತೇವೆ, ಬಂದು ಕರೆದುಕೊಂಡು ಹೋಗಿ ಎಂದು ಬರೆದಿದ್ದರು. ಇಲ್ಲಿ ಒಂದು ಮಾತು ಹೇಳಬೇಕು. ಗಿರಿಜೆಗೆ ಆರು ವರ್ಷವಾದಾಗ ಅವರ ತಾಯಿ ತೀರಿಕೊಂಡರು. ಆಗ ಆಗಷ್ಟೇ ಮದುವೆಯಾಗಿದ್ದ ಶಾರದೆ ಆ ಹುಡುಗಿಯನ್ನು ಕಂಕುಳಲ್ಲಿ ಎತ್ತಿಕೊಂಡೇ ನನ್ನ ಮನೆಗೆ ಬಂದಳು. ನಮಗೆ ಮಕ್ಕಳಾಗಲಿಲ್ಲ. ಗಿರಿಜೆ ನಮ್ಮಲ್ಲೇ ಬೆಳೆದಳು, ನಮ್ಮ ಮನೆಯಿಂದಲೇ ಮದುವೆಯಾಗಿ ಹೋದಳು. ಈಗ ಆ ಮನೆಗೆ ಮೊದಲ ಸಲ ಒಂದು ಕೂಸು ಬರುವುದಿತ್ತು. ಕಾಗದ ಓದಿದ ದಿನ ಶಾರದೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು, ನಾನೂ ಗಮನಿಸದೆ ಎರಡು ಸಲ ಹಾಕಿಸಿಕೊಂಡು ಉಂಡೆ.

ಆದರೆ ಪಂಚಾಂಗ ತೆಗೆದು ದಿನ ಎಣಿಸಿದಾಗ ತೊಡಕು ಕಂಡಿತು. ಎಂಟನೆಯ ತಿಂಗಳಲ್ಲಿ ಬಸುರಿ ಹೆಂಗಸು ಪ್ರಯಾಣ ಮಾಡಬಾರದು ಎಂಬುದು ನಮ್ಮವರ ಕಟ್ಟಳೆ. ಗಿರಿಜೆಗೆ ಎಂಟು ಹತ್ತುವ ದಿನಕ್ಕೂ ಬಬನ್‌ರಾವನ ತಿಂಗಳು ಮುಗಿಯುವ ದಿನಕ್ಕೂ ಒಂದು ವಾರದ ಅಂತರವಿತ್ತು, ಅದೂ ತಪ್ಪು ದಿಕ್ಕಿನಲ್ಲಿ. ನಾನು ನಯವಾಗಿ ಪ್ರಸ್ತಾಪಿಸಿದೆ.

"ಒಂದು ವಾರ ಮುಂದ ಹಾಕಿದ್ರ ಹೆಂಗ?"

"ಕೂಸು ನಿಮ್ಮ ಪೇಂಟರನ್ನ ಕೇಳಿ ಬೆಳೀತದೇನ್ರಿ?"

"ಹಂಗಲ್ಲ. ಬಣ್ಣ ಇನ್ನೂ ಹಸಿ ಅದ."

"ಆಕಿನೂ ಹಸಿ ಮೈಯಾಕಿನಽ ಇದ್ದಾಳ" ಎಂದಳು ಶಾರದೆ.

ಅಲ್ಲಿಗೆ ಸುಮ್ಮನಾಗಬೇಕಿತ್ತು. ನನ್ನ ನಾಲಿಗೆ ಸುಮ್ಮನಾಗಲಿಲ್ಲ. "ಹಂಗಾದ್ರ ಬಸ್ಸಿನಾಗ ಕರ್ಕೊಂಡು ಬರೂಣು. ಮುಂದಿನ ಸೀಟು ಹಿಡದ್ರಾತು" ಎಂದೆ. ಶಾರದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಂತಿತು. ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದು ನಡುವೆ ನಿಂತದ್ದು ಅದೇ ಮೊದಲು. ಅವಳು ಹಿಟ್ಟಿನ ಕೈಯನ್ನು ಹಾಗೇ ಇಟ್ಟುಕೊಂಡು ನನ್ನ ಮುಖ ನೋಡಿ, ಕೂಗದೆ, ಸಿಟ್ಟಿಲ್ಲದೆ ಕೇಳಿದಳು: "ಆ ಗಾಡಿ ಯಾತಕ್ಕ ತಗೊಂಡ್ರಿ ನೀವು?"

ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ತಪ್ಪಿಸಿಕೊಳ್ಳುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಬಹಳ ನಾಚಿಕೆಯಾಯಿತು. ಕಾರಿನಲ್ಲೇ ಹೋಗೋಣ ಎಂದೆ. ಹೇಳಿದ ಮರುಗಳಿಗೆಯಲ್ಲಿ ಒಳಗೆ ಹೋಗಿ ಪಂಚಾಂಗದಲ್ಲಿ ಮಳೆ ಯಾವ ದಿನ ಇಲ್ಲ ಎಂದು ಹುಡುಕಿದೆ. ನಾಚಿಕೆ ಬೇರೆ, ಮುಂಜಾಗ್ರತೆ ಬೇರೆ.

ನಮ್ಮ ಕಡೆಯ ಪಂಚಾಂಗದಲ್ಲಿ ಪ್ರತಿ ಮಳೆ ನಕ್ಷತ್ರಕ್ಕೂ ಒಂದು ವಾಹನ ಬರೆದಿರುತ್ತಾರೆ. ಕಪ್ಪೆ ಇದ್ದರೆ ಭಾರೀ ಮಳೆ, ಆನೆ ಇದ್ದರೂ ಜೋರು ಮಳೆ, ಕತ್ತೆ ಇದ್ದರೆ ಬರೀ ಮೋಡ. ಆ ಸಲ ಆರಿದ್ರಾ ಮಳೆಗೆ ಕತ್ತೆ ಬಂದಿತ್ತು. ನನಗೆ ಕತ್ತೆಯನ್ನು ಕಂಡು ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಬಿಸಿಲಿಲ್ಲ, ಕೆಸರಿಲ್ಲ. ಎರಡು ದಿನ ಗುರುತಿಸಿದೆ: ಒಂದು ದಿನ ಹೋಗುವುದು, ಮರುದಿನ ಬೆಳಿಗ್ಗೆ ಕುಬಸ, ಮಧ್ಯಾಹ್ನ ಹೊರಟು ಬರುವುದು. ಶಾರದೆ ಆ ದಿನಗಳನ್ನು ಕೇಳಿ ಯಾಕೋ ಬಹಳ ಖುಷಿಪಟ್ಟಳು. ಭಾಳ ಛಲೋ ದಿನ ಆರಿಸೀರಿ ಎಂದಳು. ನನ್ನ ಹವಾಮಾನ ಜ್ಞಾನಕ್ಕೆ ಸಂದ ಪ್ರಶಂಸೆ ಎಂದುಕೊಂಡೆ.

ಹೋಗುವ ದಿನ ಪುಣೆಯೊಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ಕಾವಿ ಬಾವುಟ, ಬಿಳಿ ಟೋಪಿ, ತಾಳ. ಆಳಂದಿಯಿಂದ ಪಂಢರಪುರಕ್ಕೆ ಹೊರಟ ಪಾಲಖಿ, ಸಂತರ ಪಾದುಕೆಯ ಪಲ್ಲಕ್ಕಿ, ಪುಣೆಯಲ್ಲಿ ಬೀಡುಬಿಟ್ಟಿತ್ತು. ಪಾಲಖಿಯೊಂದಿಗೆ ನಡೆದು ಹೋಗುವ ವಾರಕರಿಗಳು ಓಣಿ ಓಣಿಗಳಲ್ಲಿ ತುಂಬಿದ್ದರು. ನಾನು ಹೊರಗಿನ ರಸ್ತೆ ಹಿಡಿದು ಹೇಗೋ ಊರು ದಾಟಿದೆ. ದಿವೆ ಘಾಟಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಸೀಟಿ ಹೊಡೆದೆ. "ಜನಾ ಎಲ್ಲಾ ಪುಣೇದಾಗ ಅದ, ರಸ್ತಾ ನಮಗಽ ಬಿಟ್ಟಾರ ನೋಡು" ಎಂದೆ. ಶಾರದೆ ನನ್ನನ್ನು ವಿಚಿತ್ರವಾಗಿ ನೋಡಿದಳು. ಪಾಲಖಿ ಮರುದಿನ ಅದೇ ಘಾಟಿ ಹತ್ತಿ ಅದೇ ಸಾಸವಡಕ್ಕೆ ಬರುತ್ತದೆ ಎಂಬುದು ಅಡಿಗೆಮನೆಯ ಮರಾಠಿ ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ಬಾಗಲಕೋಟೆಯ ಪಂಚಾಂಗದವರಿಗೆ ಅದನ್ನು ಅಚ್ಚು ಹಾಕುವ ಕಾರಣ ಇರಲಿಲ್ಲ.

ಮರುದಿನ ಗಿರಿಜೆಯ ಕುಬಸ ಚಂದವಾಗಿ ನಡೆಯಿತು. ಹಸಿರು ಸೀರೆ, ಹಸಿರು ಕುಬಸ, ಎರಡೂ ಕೈಗೆ ಮೊಣಕೈವರೆಗೆ ಹಸಿರು ಗಾಜಿನ ಬಳೆ. ಬಳೆಗಾರ ತಡವಾಗಿ ಬಂದ, ಬಂದವನು ಸಾವಕಾಶವಾಗಿ ಒಂದೊಂದೇ ತೊಡಿಸಿದ. ಹೆಂಗಸರು ಹಾಡಿದರು. ಎಲ್ಲರಿಗೂ ಗಿರಿಜೆಯ ಮುಖದ ಕಳೆ ಕಾಣುತ್ತಿತ್ತು. ನನಗೆ ಕಂಡದ್ದು ಬಳೆ. ಇಷ್ಟು ಗಾಜು, ಇಪ್ಪತ್ತೆರಡು ದಿನದ ಬಣ್ಣ. ಹೊರಡುವಾಗ ನಾನು ಅವಳನ್ನು ಹಿಂದಿನ ಸೀಟಿನ ನಟ್ಟನಡುವೆ ಕೂರಿಸಿ, "ಗಿರಿಜಾ, ಕೈ ಎರಡೂ ತೊಡಿ ಮ್ಯಾಲ ಇರ್ಲಿ. ಬಾಗಿಲಾ ಮುಟ್ಟಬ್ಯಾಡ, ಕಿಡಕಿ ಮ್ಯಾಲ ಕೈ ಇಡಬ್ಯಾಡ" ಎಂದೆ.

"ಭಾವಾ, ಉಸರು ಬಿಡಬಹುದೇನ್ರಿ?" ಎಂದಳು. ಚಿಕ್ಕಂದಿನಿಂದ ನಾನೇ ಸಲಿಗೆ ಕೊಟ್ಟು ಬೆಳೆಸಿದ ಬಾಯಿ.

ಘಾಟಿಯ ತಲೆಯ ಮೇಲೆ ಒಬ್ಬ ಹವಾಲ್ದಾರ ಕೈ ಅಡ್ಡ ಹಿಡಿದು, ಗಾಡಿ ಪಕ್ಕಕ್ಕೆ ಹಾಕಿ ಎಂದ. ಕೆಳಗೆ ನೋಡಿದೆ. ಘಾಟಿಯ ರಸ್ತೆಯೇ ಕಾಣಲಿಲ್ಲ; ತಿರುವು ತಿರುವಿನಲ್ಲೂ ಜನ, ಬಾವುಟ, ಹೆಂಗಸರ ತಲೆಯ ಮೇಲೆ ಹಿತ್ತಾಳೆಯ ಪುಟ್ಟ ತುಳಸಿಕಟ್ಟೆ. ಎಷ್ಟು ಹೊತ್ತಾಗಬಹುದು ಎಂದು ಕೇಳಿದರೆ ಹವಾಲ್ದಾರ ಆಕಾಶದ ಕಡೆ ನೋಡಿ, "ಮಾವುಲೀಲಾ ಠಾವೂಕ" ಎಂದ. ತಾಯಿಗೇ ಗೊತ್ತು ಎಂದು. ವಾರಕರಿಗಳಿಗೆ ದೇವರೂ ಮಾವುಲಿ, ಸಂತರೂ ಮಾವುಲಿ, ದಾರಿಯಲ್ಲಿ ಸಿಕ್ಕವನೂ ಮಾವುಲಿ. ಅಷ್ಟರಲ್ಲಿ ಕತ್ತೆ ಕೈಕೊಟ್ಟಿತು, ತುಂತುರು ಶುರುವಾಯಿತು.

"ನಿಮಗ ಪಾಲಖಿ ಇವತ್ತು ಅಂತ ಗೊತ್ತಿರಲಿಲ್ಲೇನು?" ಎಂದಳು ಶಾರದೆ. "ಗಿರಿಜಾಗ ದರ್ಶನ ಆಗ್ಲಿ ಅಂತ ನೀವು ಬೇಕಂತಽ ಈ ದಿನಾ ಆರಿಸೀರಿ ಅಂತ ನಾ ತಿಳಕೊಂಡಿದ್ದೆ. ಓಣಿ ತುಂಬಾ ಹೇಳಿ ಬಂದೀನಿ."

ನಾನು ಕೆಳಗಿಳಿದು ಕಾರಿನ ಮುಂದೆ ಎರಡೂ ತೋಳು ಚಾಚಿ ನಿಂತೆ. ಬಂದ ಬಂದವರಿಗೆ "ಹಾತ ಲಾವೂ ನಕಾ, ರಂಗ ಓಲಾ ಆಹೇ" ಎನ್ನತೊಡಗಿದೆ. ಕೈ ಹಚ್ಚಬೇಡಿ, ಬಣ್ಣ ಹಸಿ ಇದೆ. ಸಾವಿರಾರು ಜನ ಹಾಡುತ್ತ ಬರುವ ದಾರಿಯಲ್ಲಿ ಒಬ್ಬ ಬೋಳುತಲೆಯ ಗುಮಾಸ್ತ ಹೊಲದ ಬೆದರುಗೊಂಬೆಯ ಹಾಗೆ ನಿಂತು ಇದನ್ನು ಹೇಳುತ್ತಿದ್ದ. ಜನ ನಗುತ್ತ ಬಳಸಿಕೊಂಡು ಹೋದರು. ಬೆನ್ನ ಹಿಂದೆ ಕಿಣಿಕಿಣಿ ಸದ್ದು ಕೇಳಿ ತಿರುಗಿದರೆ, ಗಿರಿಜೆ ಕಿಟಕಿಯ ಪಕ್ಕಕ್ಕೆ ಸರಿದು, ಇಡೀ ತೋಳನ್ನು ಹೊರಗೆ ಹಾಕಿ, ಮೃದಂಗಕ್ಕೆ ಸರಿಯಾಗಿ ಬಾಗಿಲ ಮೇಲೆ ತಾಳ ಹಾಕುತ್ತಿದ್ದಳು. ಒಂದೊಂದು ಪೆಟ್ಟಿಗೂ ಗಾಜಿನ ಬಳೆ ನೀಲಿ ಬಣ್ಣದ ಮೇಲೆ. "ಗಿರಿಜಾ, ಕೈ ಒಳಗ!" ಎಂದು ಚೀರಿದೆ. ಅವಳಿಗೆ ಕೇಳಿಸಲಿಲ್ಲ. ಶಾರದೆಗೆ ಕೇಳಿಸಿತು. ಅವಳು ನೋಡಿದ ನೋಟಕ್ಕೆ ಬಣ್ಣ ಸುಲಿದುಹೋಗಬೇಕಾಗಿತ್ತು, ಕಾರಿನದಲ್ಲ, ನನ್ನದು.

ಆಗ ನಮ್ಮಪ್ಪನ ವಯಸ್ಸಿನ ಒಬ್ಬ ವಾರಕರಿ ಗುಂಪಿನಿಂದ ಹೊರಬಂದು, ನನ್ನ ಎದುರಿಗೆ ನಿಂತು, ತಟ್ಟನೆ ಬಗ್ಗಿ ನನ್ನ ಪಾದ ಮುಟ್ಟಿ ನಮಸ್ಕರಿಸಿದ. ಅದು ಅವರ ರೂಢಿ. ಎದುರಿಗೆ ಯಾರಿದ್ದರೂ ಬಾಗುತ್ತಾರೆ, ದೊಡ್ಡವನು ಚಿಕ್ಕವನು ನೋಡುವುದಿಲ್ಲ. ತಿರುಗಿ ನಮಸ್ಕಾರ ಮಾಡಬೇಕು. ನನ್ನ ಎರಡೂ ಕೈ ಗಾಳಿಯಲ್ಲಿ ಚಾಚಿಕೊಂಡಿದ್ದವು. ಹಾಗೆ ಚಾಚಿದ ಕೈಯಲ್ಲಿ ನಮಸ್ಕಾರ ಮಾಡಲು ಬರುವುದಿಲ್ಲ. ಆ ಮುದುಕ ಕೆಸರಿನಲ್ಲಿ ಬಗ್ಗಿದ್ದ, ನಾನು ಕಾರು ಕಾಯುತ್ತ ನೆಟ್ಟಗೆ ನಿಂತಿದ್ದೆ. ಕೈ ಇಳಿಸಿದೆ, ಬಗ್ಗಿದೆ, ಅವನ ಪಾದ ಮುಟ್ಟಿದೆ. ಏಳುವಷ್ಟರಲ್ಲಿ ಕಾವಲು ಹೋಗಿತ್ತು, ಜನ ಕಾರನ್ನು ಸುತ್ತಿಕೊಂಡಿದ್ದರು.

ಮೊದಲು ಬಂದದ್ದು ಒಬ್ಬ ಅಜ್ಜಿ. "ಬಾಬಾ, ಗುಡಘೇ ದುಖತಾತ ರೇ. ಜರಾ ಟೇಕೂ ಕಾ?" ಎಂದಳು. ಮೊಣಕಾಲು ನೋಯುತ್ತವೆ, ಸ್ವಲ್ಪ ಆತುಕೊಳ್ಳಲೇ ಎಂದು. ಕೇಳಿ ಒಪ್ಪಿಗೆಗೆ ಕಾಯದೆ ಬಾನೆಟ್ಟಿಗೆ ಬೆನ್ನು ಕೊಟ್ಟಳು. ತಲೆಯ ಮೇಲಿನ ತುಳಸಿಕಟ್ಟೆಯನ್ನು ಎಲ್ಲಿಡುವುದೆಂದು ಸುತ್ತ ನೋಡಿದಳು. ನಾನೇ ಅದನ್ನು ಇಸಿದುಕೊಂಡು ಕಾರಿನ ಟಪ್ಪಿನ ಮೇಲೆ ಇಟ್ಟೆ. ಹಿತ್ತಾಳೆಯ ತಳ ಟಪ್ಪಿಗೆ ತಾಗಿ ಕರ್ರ್ ಎಂದಿತು. ಆ ಸದ್ದು ಕೇಳಿಯೂ ನಾನು ಬದುಕಿದ್ದೇನೆ ಎಂದು ನನಗೇ ಆಶ್ಚರ್ಯವಾಯಿತು. ನೀವು ಎಲ್ಲಿಯವರು ಎಂದಳು. ಕನ್ನಡದವರು ಎಂದೆ. ಹಾಗಾದರೆ ನಮ್ಮ ಅಭಂಗಗಳ ಕನ್ನಡಿಗ ವಿಠೋಬಾನೂ ನಿಮ್ಮ ಊರಿನ ಕಡೆಯವನೇ, ನಾವು ನಿಮ್ಮ ಮನೆಗೇ ಹೋಗುತ್ತಿರುವುದು ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

ಆಮೇಲೆ ಅವಳ ಕಣ್ಣು ಕಿಟಕಿಯ ಹಚ್ಚಹಸಿರು ಬಳೆಗಳ ಮೇಲೆ ಬಿತ್ತು. ನೋವು ಮರೆತು ಎದ್ದಳು. ಚೀಲದಲ್ಲಿ ಕೈಹಾಕಿ ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ ತೆಗೆದು, ಕಿಟಕಿಯಲ್ಲಿ ಬಾಗಿ ಗಿರಿಜೆಯ ಉಡಿಗೆ ಹಾಕಿದಳು. ಅದನ್ನು ಕಂಡು ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ನೋಡುನೋಡುತ್ತಿದ್ದಂತೆ ಬಸುರಿಗೆ ಉಡಿ ತುಂಬಲು ಹೆಂಗಸರ ಸಾಲೇ ನಿಂತಿತು. ಒಬ್ಬಳು ಪುಠಾಣಿ, ಒಬ್ಬಳು ಒಣಕೊಬ್ಬರಿ, ಏನೂ ಇಲ್ಲದ ಒಬ್ಬಳು ತುಳಸಿಯ ಎರಡು ಎಲೆ. ಎಲ್ಲರೂ ಒದ್ದೆ ಸೀರೆಯಲ್ಲಿ ಬಾಗಿಲಿಗೆ ಒರಗಿದರು. ಕೊರಳಿನ ತಾಳ ಬಣ್ಣಕ್ಕೆ ಬಡಿದವು, ಹಣೆಗೆ ಹಚ್ಚುವ ಬುಕ್ಕದ ಕರಿಪುಡಿಯ ಬೆರಳಚ್ಚು ಮೂಡಿದವು, ಮಳೆ ಅವನ್ನು ಕೆಳಕ್ಕೆ ಇಳಿಸಿತು. ಗಿರಿಜೆ ನಗುತ್ತ ಅಳುತ್ತಿದ್ದಳು. ಶಾರದೆ ಆಕೆಯ ಸೆರಗು ಹಿಡಿದುಕೊಂಡು, ಮರಾಠಿಯಲ್ಲಿ ಶುರುಮಾಡಿದ್ದನ್ನು ಕನ್ನಡದಲ್ಲಿ ಮುಗಿಸುತ್ತ, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: ಮೊದಲನೇದ್ದು, ಆಶೀರ್ವಾದ ಮಾಡ್ರಿ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ನೋಡಿರಲಿಲ್ಲ. ಮೂರು ವರ್ಷ ನಾನು ಹೊಳೆಯಿಸಿದ್ದು ಏನನ್ನು ಎಂದು ನನಗೆ ಅಳುಕಾಯಿತು. ನಾನು ಸಾಲನ್ನು ನೇರ ಮಾಡುವ ಕೆಲಸಕ್ಕೆ ನಿಂತೆ. ಎತ್ತರ ಸಾಲದವರಿಗೆ, ಬಾಗಿಲಿನ ಮೇಲೆ ಕೈಯೂರಿ ಬಗ್ಗಿರಿ ಎಂದು ನಾನೇ ಹೇಳಿಕೊಟ್ಟೆ.

ಮೂರು ತಾಸು ಕಳೆದ ಮೇಲೆ ಘಾಟಿ ತೆರವಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಗಡಿ ಮುಟ್ಟಿದೆವು. ಗಿರಿಜೆ ಹಿಂದಿನ ಸೀಟಿನಲ್ಲಿ ಉಡಿಯ ಶೇಂಗಾ ತಿನ್ನುತ್ತ, ಸುಖವಾಗಿ ಬಂದಿಳಿದಳು. ಶಾರದೆ ಅವಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಮಾಡಿ, ದೃಷ್ಟಿ ತೆಗೆದು ಒಳಗೆ ಕಳಿಸಿದಳು. ನಾನು ಅಂಗಳದಲ್ಲಿ ಕಾರಿನ ಮುಂದೆ ನಿಂತು ನೋಡುತ್ತಿದ್ದೆ. ಬಾಗಿಲಿನ ತುಂಬ ಕೆಸರು ಕೈಗಳು. ಕಿಟಕಿಯ ಕೆಳಗೆ ಒಂದು ಗೇಣಗಲ, ಬಳೆ ಬರೆದ ಸಣ್ಣ ಸಣ್ಣ ಗೀರು. ಬಬನ್‌ರಾವನಿಗೆ ಏನು ಹೇಳುವುದೆಂದು ಯೋಚಿಸಲು ಪ್ರಯತ್ನಿಸಿದೆ. ಯೋಚನೆ ಬರಲಿಲ್ಲ, ಹಸಿವಾಗುತ್ತಿತ್ತು.

ತಲೆಯೆತ್ತಿದರೆ ಶಾರದೆ ಆರತಿಯ ತಟ್ಟೆ ಹಿಡಿದು ನೇರವಾಗಿ ನನ್ನ ಕಡೆಗೇ ಬರುತ್ತಿದ್ದಳು. ನನ್ನ ಕಣ್ಣು ತೇವವಾಯಿತು. ಮದುವೆಯಾದ ಮೇಲೆ ಅವಳು ನನಗೆ ಆರತಿ ಎತ್ತಿದ್ದು ದೀಪಾವಳಿಗಷ್ಟೇ. ಇದ್ದ ನಾಲ್ಕು ಕೂದಲನ್ನು ಹಿಂದಕ್ಕೆ ಸವರಿಕೊಂಡು, ಹಣೆ ಮುಂದೆ ಮಾಡಿ, ಕಣ್ಣು ಮುಚ್ಚಿ ನಿಂತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ.

"ನಿಮಗಲ್ಲರೀ, ಗಾಡಿಗೆ. ಆ ಕಡೆ ಸರೀರಿ" ಎಂದಳು.

ನಾನು ಸರಿದೆ. ಅವಳು ಕುಂಕುಮವನ್ನು ನೀರಿನಲ್ಲಿ ಕಲಸಿ, ಹೆಬ್ಬೆರಳಿನಿಂದ ಬಾನೆಟ್ಟಿನ ನಡುಮಧ್ಯೆ ಇಡಲು ಹೋದವಳು, ಅಭ್ಯಾಸಬಲದಿಂದ ತಡೆದು ನನ್ನ ಮುಖ ನೋಡಿದಳು. ಇಪ್ಪತ್ತೆರಡು ದಿನದ ಬಣ್ಣ, ಹಸಿ ಕುಂಕುಮ. ಇಟ್ಟರೆ ಕಲೆ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಒತ್ತಿ ಹಚ್ಚು" ಎಂದೆ. "ಉಳೀಬೇಕು."

ಅವಳು ಒತ್ತಿ ಹಚ್ಚಿದಳು. ಆಮೇಲೆ ತಟ್ಟೆಯನ್ನು ಬಾನೆಟ್ಟಿನ ಮೇಲೇ ಇಟ್ಟು, ಮಳೆಯಲ್ಲಿ ನೆನೆದು ಇವರಿಗೆ ಜ್ವರ ಬಂದಿರಬೇಕು ಎಂದು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. ಹೆಬ್ಬೆರಳಿನಲ್ಲಿ ಉಳಿದಿದ್ದ ಕುಂಕುಮ ಹಾಗೆ ನನ್ನ ಪಾಲಿಗೂ ಬಂತು.